ಹಿಮ್ಮೇಳ ಮಾಯವಾದ ಚಿತ್ರಗಳು

ಕಳೆದ ಎಪ್ರಿಲ್ ರಜೆಯಲ್ಲಿ ನಮ್ಮ ವಾಚನಾಲಯದ ಪತ್ರಿಕೆ ಓದುವ ಕೋಣೆಯಲ್ಲಿ ಮೂರು ದಿನ ಒಂದು ಫೋಟೋ ಪ್ರದರ್ಶನ ನಡೆಯಿತು. ಗೋಡೆಗೆ ಮೊಳೆ ಹೊಡೆಯಬಾರದೆಂದು ಕಾರ್ಯದರ್ಶಿಗಳ ಅಪ್ಪಣೆ. ಹಾಗಾಗಿ ಕಿಟಕಿಯಿಂದ ಕಿಟಕಿಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಇಪ್ಪತ್ತಾರು ಚಿತ್ರಗಳನ್ನು ತೂಗಹಾಕಿದ್ದರು. ತೆಗೆದವನು ನಮ್ಮೂರಿನ ಹುಡುಗನೇ. ಮದುವೆ, ಸೀಮಂತ, ಒಕ್ಕಲಿನ ಫೋಟೋ ತೆಗೆದು ಜೀವನ ಮಾಡುವವ. ಆದರೆ ಈ ಇಪ್ಪತ್ತಾರು ಯಾರೂ ದುಡ್ಡು ಕೊಟ್ಟು ತೆಗೆಸಿದ್ದಲ್ಲ. ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾದ ಹಳೆಯ ಕಾಲದ ಲೆನ್ಸುಗಳನ್ನು ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಿ, ತನ್ನ ಖುಷಿಗೆ ತೆಗೆದವು. "ಫೋನಿನೊಳಗೆ ಇದ್ದು ಏನು ಪ್ರಯೋಜನ ಮಾಷ್ಟ್ರೇ, ಊರಿನವರು ನೋಡಲಿ" ಎಂದು ಮನೆಗೆ ಬಂದು ಕರೆದ.

ನಾನು ಮೂರು ದಿನವೂ ಹೋದೆ. ಮೊದಲ ದಿನ ಚಿತ್ರ ನೋಡಿದೆ. ಎರಡನೇ ದಿನ ಚಿತ್ರ ನೋಡುವವರನ್ನು ನೋಡಿದೆ. ಮೂರನೇ ದಿನ ಅವನೊಡನೆ ಕೂತು ಮಾತಾಡಿದೆ. "ಹೊಗಳಿ ಬರೆಯುವುದಾದರೆ ಬೇಡ, ಕಂಡದ್ದು ಬರೆಯಿರಿ. ನನ್ನ ಹೆಸರು ಹಾಕಬೇಡಿ, ಊರಿಗೆ ಗೊತ್ತುಂಟಲ್ಲ" ಎಂದ. ಹಾಗೆ ಹೇಳುವ ಧೈರ್ಯ ಇದ್ದವನ ಚಿತ್ರಗಳ ಬಗ್ಗೆ ನೇರವಾಗಿ ಬರೆಯುವುದೇ ಮರ್ಯಾದೆ ಎಂದು ಭಾವಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಫೋಟೋಗ್ರಾಫರ್ ಅಲ್ಲ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವ. ಕವಿತೆಯನ್ನು ಹೇಗೆ ನೋಡಬೇಕೆಂದು ಮಕ್ಕಳಿಗೆ ಹೇಳಿದೆನೋ ಹಾಗೆಯೇ ಚಿತ್ರವನ್ನೂ ನೋಡುವುದು ನನ್ನ ಕ್ರಮ. ಏನು ಹೇಳಿದ, ಏನು ಬಿಟ್ಟ, ಬಿಟ್ಟದ್ದು ಬೇಕೆಂದು ಬಿಟ್ಟನೋ ಗೊತ್ತಿಲ್ಲದೆ ಬಿಟ್ಟನೋ, ಇಷ್ಟು ಪ್ರಶ್ನೆಗಳು.

ಮೊದಲು ಆ ಲೆನ್ಸುಗಳ ಸಂಗತಿ. ಹೆಚ್ಚಿನ ಚಿತ್ರಗಳನ್ನು ಅವನು ತೆಗೆದದ್ದು ಹೀಲಿಯೋಸ್ 44-2 ಎಂಬ ಲೆನ್ಸಿನಲ್ಲಿ. ಇದು ಸೋವಿಯತ್ ರಷ್ಯಾದ ಮಾಲು. ಮಾಸ್ಕೋದ ಹತ್ತಿರದ ಕ್ರಾಸ್ನೊಗೋರ್ಸ್ಕ್ ಎಂಬಲ್ಲಿಯ ಕಾರ್ಖಾನೆಯಲ್ಲೂ, ಅನಂತರ ವಾಲ್ದಾಯ್ ಮತ್ತು ಮಿನ್ಸ್ಕ್‌ನಲ್ಲೂ ತಯಾರಾಗುತ್ತಿತ್ತು. ಜೆನಿಟ್ ಕ್ಯಾಮೆರಾ ತೆಗೆದುಕೊಂಡರೆ ಅದರೊಟ್ಟಿಗೇ ಬರುತ್ತಿದ್ದ ಮಾಮೂಲಿ ಲೆನ್ಸ್ ಅದು. ನನ್ನ ವಯಸ್ಸಿನವರಿಗೆ ಸೋವಿಯತ್ ಎಂದರೆ ನೆನಪಾಗುವುದು ಹೊಳಪು ಹಾಳೆಯ ಪತ್ರಿಕೆಗಳು. ಓದಿದ್ದಕ್ಕಿಂತ ಹೆಚ್ಚು ಶಾಲಾ ಪುಸ್ತಕಕ್ಕೆ ಹೊದಿಕೆ ಹಾಕಿದ್ದೇವೆ. ಆ ದೇಶ 1991ರಲ್ಲಿ ಇಲ್ಲವಾಯಿತು, ಲೆನ್ಸು ಮಾತ್ರ ಈಗ ನಮ್ಮ ಅಡಿಕೆ ತೋಟಕ್ಕೆ ಬಂದು ಮುಟ್ಟಿದೆ. ಈ ಹೀಲಿಯೋಸಿನ ಮೂಲವೂ ರಷ್ಯಾದ್ದಲ್ಲ. ಜರ್ಮನಿಯ ಯೇನಾ ಪಟ್ಟಣದ ಕಾರ್ಲ್ ಜೈಸ್ ಕಂಪೆನಿ ಎರಡನೇ ಮಹಾಯುದ್ಧಕ್ಕಿಂತ ಮೊದಲೇ ಮಾಡುತ್ತಿದ್ದ ಬಯೋಟಾರ್ ಎಂಬ ಲೆನ್ಸಿನ ವಿನ್ಯಾಸವನ್ನು ಆಧರಿಸಿ ಯುದ್ಧಾನಂತರ ರಷ್ಯನ್ನರು ಇದನ್ನು ಮಾಡಿದರು. ಒಳಗೆ ಆರು ಗಾಜುಗಳು, ನಾಲ್ಕು ಗುಂಪು. 58 ಮಿಲಿಮೀಟರ್, ಎಫ್ 2.

ಉಳಿದ ನಾಲ್ಕೈದು ಚಿತ್ರಗಳು ಜಪಾನಿನ ಪೆಂಟ್ಯಾಕ್ಸ್‌ನವರ ಹಳೆಯ ಸೂಪರ್ ಟಕುಮಾರ್ 50 ಮಿಲಿಮೀಟರಿನಲ್ಲಿ ತೆಗೆದವು. ಅದರದ್ದೂ ಒಂದು ಕಥೆ ಉಂಟು. ಬೆಳಕನ್ನು ಚೆನ್ನಾಗಿ ಬಾಗಿಸಲೆಂದು ಆ ಕಾಲದಲ್ಲಿ ಕೆಲವು ಗಾಜುಗಳಿಗೆ ಥೋರಿಯಂ ಸೇರಿಸುತ್ತಿದ್ದರು. ವರ್ಷಗಳು ಕಳೆದಂತೆ ಅಂಥ ಗಾಜು ಚಹಾದ ಬಣ್ಣಕ್ಕೆ ತಿರುಗುತ್ತದೆ. ಅಂಗಳದಲ್ಲಿ ಅಡಿಕೆ ಹರಡಿದ ಹಾಗೆ ಕೆಲವು ದಿನ ಬಿಸಿಲಿಗಿಟ್ಟರೆ ಹಳದಿ ಇಳಿಯುತ್ತದೆ. ಇವನು ಹಾಗೆಯೇ ಮಾಡಿದನಂತೆ. "ಅಡಿಕೆ ಮಗುಚಿದ ಹಾಗೆ ಮಗುಚಿದೆಯಾ ಮಾರಾಯ?" ಎಂದು ಕೇಳಿದ್ದಕ್ಕೆ ನಕ್ಕ.

ಇವನ್ನು ಹೊಸ ಕ್ಯಾಮೆರಾಕ್ಕೆ ಹೇಗೆ ಸಿಕ್ಕಿಸುವುದು? ಈ ಎರಡೂ ಲೆನ್ಸುಗಳ ಬುಡ ಬಾಟ್ಲಿಯ ಮುಚ್ಚಳದ ಹಾಗೆ ತಿರುಪು. 42 ಮಿಲಿಮೀಟರ್ ಅಗಲ, ಒಂದು ಮಿಲಿಮೀಟರ್ ಅಂತರದ ಹಲ್ಲು. ಎಂ 42 ಎಂದು ಅದಕ್ಕೆ ಹೆಸರು. ಹಿಂದಿನ ಕ್ಯಾಮೆರಾಗಳ ಒಳಗೆ ಕನ್ನಡಿ ಮೇಲೆ ಕೆಳಗೆ ಹೋಗಬೇಕಾದ್ದರಿಂದ ಫಿಲ್ಮಿಗೂ ಲೆನ್ಸಿನ ಬುಡಕ್ಕೂ ನಡುವೆ ನಾಲ್ಕೂವರೆ ಸೆಂಟಿಮೀಟರ್ ಜಾಗ ಬೇಕಿತ್ತು. 2008ರಿಂದ ಈಚೆಗೆ ಬಂದ ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ ಈ ಜಾಗ ತೀರಾ ಕಮ್ಮಿ. ಇವನಲ್ಲಿರುವ ಸೋನಿಯಲ್ಲಿ ಬರೇ 18 ಮಿಲಿಮೀಟರ್. ಉಳಿದ 27 ಮಿಲಿಮೀಟರನ್ನು ಒಂದು ಕಬ್ಬಿಣದ ಬಳೆಯಂಥದ್ದು ತುಂಬಿಸುತ್ತದೆ. ಅಷ್ಟೇ ವಿದ್ಯೆ. ಆ ಬಳೆ ಬಂದ ಮೇಲೆ ಲೋಕದಲ್ಲಿ ಎಲ್ಲೆಲ್ಲೋ ಮೂಲೆಯಲ್ಲಿ ಬೂಸ್ಲು ಹಿಡಿದು ಕೂತಿದ್ದ ಲೆನ್ಸುಗಳಿಗೆ ಮತ್ತೆ ಜೀವ ಬಂತು.

ಬೂಸ್ಲಿನ ಮಾತು ತಮಾಷೆಗೆ ಹೇಳಿದ್ದಲ್ಲ. ನಮ್ಮ ಕಡೆಯ ಮಳೆಗಾಲದಲ್ಲಿ ಚರ್ಮದ ಚೆಪ್ಪಲಿಗೆ ಬರುವ ಹಾಗೆಯೇ ಲೆನ್ಸಿನ ಗಾಜಿಗೂ ಬೂಸ್ಲು ಬರುತ್ತದೆ. ಜೇಡನ ಬಲೆಯ ಹಾಗೆ ಹಬ್ಬಿ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಇವನು ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರು ಹೀರುವ ಸಿಲಿಕಾ ಹರಳಿನ ಪೊಟ್ಟಣ ಹಾಕಿ ಕಾಪಾಡುತ್ತಾನೆ. ಹಳತನ್ನು ಇಟ್ಟುಕೊಳ್ಳುವುದು ಸುಲಭದ ಕೆಲಸ ಅಲ್ಲ ಎಂಬುದು ವಾಚನಾಲಯದ ಕಪಾಟು ನೋಡಿಕೊಳ್ಳುವವರಿಗೆ ನಾನು ಹೇಳಬೇಕಾಗಿಲ್ಲ.

ಈಗ ಫೋಕಸ್. ಮೊಬೈಲಿನಲ್ಲಿ ನಾವು ಒತ್ತುತ್ತೇವೆ, ಅದು ತಾನೇ ನೋಡಿಕೊಳ್ಳುತ್ತದೆ. ಈ ಲೆನ್ಸುಗಳಲ್ಲಿ ಹಾಗಿಲ್ಲ. ಮೈಮೇಲೆ ಒಂದು ಬಳೆ ಉಂಟು. ಅದನ್ನು ತಿರುಗಿಸಿದರೆ ಗಾಜು ಮುಂದೆ ಹಿಂದೆ ಸರಿಯುತ್ತದೆ. ಹಿಂದೆ ರೇಡಿಯೋದಲ್ಲಿ ಮಂಗಳೂರು ಆಕಾಶವಾಣಿ ಹಿಡಿಯಲು ಮುಳ್ಳು ತಿರುಗಿಸುತ್ತಿದ್ದೆವಲ್ಲ, ಹಾಗೆ. ಮೊದಲು ಗೊರಗೊರ, ಮತ್ತೆ ಸ್ವಲ್ಪ ಸ್ವರ, ಮತ್ತೆ ಸ್ಪಷ್ಟ, ಇನ್ನೂ ತಿರುಗಿಸಿದರೆ ಪುನಃ ಗೊರಗೊರ. ಎಲ್ಲಿ ನಿಲ್ಲಿಸುವುದೆಂದು ಕೈಗೆ ಗೊತ್ತಾಗಬೇಕು. 1985ರಲ್ಲಿ ಮಿನೋಲ್ಟಾ 7000 ಎಂಬ ಕ್ಯಾಮೆರಾ ಬಂದು ಜನಪ್ರಿಯವಾಗುವ ತನಕ ಈ ನಮೂನೆಯ ಕ್ಯಾಮೆರಾ ಹಿಡಿದವರೆಲ್ಲ ಬಹುಮಟ್ಟಿಗೆ ಹೀಗೆಯೇ ಕೈಯಲ್ಲಿ ತಿರುಗಿಸುತ್ತಿದ್ದರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡಿನಲ್ಲಿ ಹಕ್ಕಿಗಳ ಚಿತ್ರ ತೆಗೆಯಲು ಸುರುಮಾಡಿದ ಕಾಲದಲ್ಲಿ ತಾನಾಗಿ ಫೋಕಸ್ ಆಗುವ ಲೆನ್ಸ್ ಎಂಬುದೇ ಇರಲಿಲ್ಲ. ಅವರಿಗೆ ಅದು ವಿಶೇಷವೂ ಆಗಿರಲಿಲ್ಲ. ಬಾವಿಯಿಂದ ನೀರು ಸೇದುವವನಿಗೆ ಹಗ್ಗ ಎಳೆಯುವುದು ವಿಶೇಷವೇ?

ಇಷ್ಟು ಪೀಠಿಕೆ ಸಾಕು. ಚಿತ್ರಗಳಿಗೆ ಬರುವ.

ಕೋಣೆಗೆ ಕಾಲಿಟ್ಟ ಕೂಡಲೇ ಕಣ್ಣಿಗೆ ಬೀಳುವುದು ಒಂದು ಚಂದ. ಅದನ್ನು ಇಲ್ಲ ಎನ್ನುವುದಿಲ್ಲ. ಮುಂದೆ ಇರುವ ವಸ್ತು ಸ್ಪಷ್ಟ, ಹಿಂದಿನ ತೋಟ ಸುಳಿಯಂತೆ ತಿರುಗುತ್ತದೆ. ಅಡಿಕೆ ಸೋಗೆಗಳ ನಡುವಿನ ಬೆಳಕಿನ ಚುಕ್ಕೆಗಳೆಲ್ಲ ನಡುವಿನ ಮುಖಕ್ಕೆ ಸುತ್ತು ಬರುವ ಹಾಗೆ ಕಾಣುತ್ತವೆ. ಹೀಲಿಯೋಸ್ ಲೋಕಪ್ರಸಿದ್ಧವಾದದ್ದೇ ಈ ಸುಳಿಯಿಂದ. ಇದರ ಕಾರಣ ಸರಳ. ನೇರವಾಗಿ ಬರುವ ಬೆಳಕಿನ ಚುಕ್ಕೆ ದುಂಡಗೆ ಬೀಳುತ್ತದೆ. ಓರೆಯಿಂದ ಬರುವ ಬೆಳಕನ್ನು ಲೆನ್ಸಿನ ಕೊಳವೆಯ ಅಂಚು ಸ್ವಲ್ಪ ಕತ್ತರಿಸುವುದರಿಂದ ಚಿತ್ರದ ಬದಿಯ ಚುಕ್ಕೆಗಳು ಬೆಕ್ಕಿನ ಕಣ್ಣಿನ ಹಾಗೆ ಉದ್ದುದ್ದ ಆಗುತ್ತವೆ. ಅವೆಲ್ಲ ನಡುವಿನ ಸುತ್ತ ಸಾಲಾಗಿ ನಿಂತರೆ ಸುಳಿ. ಬದಿಗೆ ಬೆಳಕನ್ನು ಸರಿಯಾಗಿ ಕೂರಿಸಲಾಗದ ಈ ವಿನ್ಯಾಸದ ಇತರ ದೋಷಗಳೂ ಜತೆಗೆ ಸೇರುತ್ತವೆ. ಅಂದರೆ ಇದು ಲೆನ್ಸಿನ ಕೊರತೆ. ಎಫ್ 2ರಲ್ಲಿ ಬಾಯಿ ಪೂರ್ತಿ ತೆರೆದಾಗ ಇದು ಜೋರು. ಎಫ್ 5.6, ಎಫ್ 8ಕ್ಕೆ ಕಿರಿದು ಮಾಡಿದರೆ ಸುಳಿ ಮಾಯ, ಮಾಮೂಲಿ ಒಳ್ಳೆಯ ಲೆನ್ಸ್.

ಕೊರತೆಯೇ ಚಂದ ಆಗಬಾರದೆಂದಿಲ್ಲ. ಮುದುಕರ ಸ್ವರ ನಡುಗುತ್ತದೆ, ಆ ನಡುಕದಲ್ಲೇ ಕೆಲವು ಹಾಡು ಚಂದ. ಆದರೆ ಇಪ್ಪತ್ತಾರರಲ್ಲಿ ಹದಿನೇಳು ಚಿತ್ರಗಳು ಎಫ್ 2ರಲ್ಲಿ ತೆಗೆದವು. ಎಲ್ಲದರಲ್ಲೂ ಅದೇ ಸುಳಿ. ಇಬ್ಬನಿಯ ಹುಲ್ಲು, ಸೈಕಲಿನ ಬೆಲ್ಲು, ದಾಸವಾಳದ ಮೊಗ್ಗು, ಮುಟ್ಟಾಳೆ ಇಟ್ಟುಕೊಂಡ ಅಜ್ಜ, ಅಂಗನವಾಡಿಯ ಮಗು, ಇವೆಲ್ಲ ಒಂದೇ ಸುಳಿಯ ನಡುವೆ ಕೂತಿವೆ. ಐದನೇ ಚಿತ್ರದ ಹೊತ್ತಿಗೆ ನನಗೆ ಮುಂದಿನದು ಹೇಗಿರುತ್ತದೆ ಎಂದು ಗೊತ್ತಾಯಿತು. ಮೊದಲ ಚಿತ್ರಕ್ಕೆ ಹಾಗೆ ತಲೆದೂಗಿದ ನಾನು ಹತ್ತನೆಯದರ ಎದುರು ಬೇಗ ದಾಟಿಹೋದೆ. ಒಂದೇ ಉಪಮೆಯನ್ನು ಪ್ರತಿ ಪದ್ಯದಲ್ಲೂ ಬಳಸುವ ಕವಿಯ ಸಂಕಲನ ಓದಿದ ಹಾಗಾಯಿತು.

ಈ ಹದಿನೇಳರಲ್ಲಿ ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಯಕ್ಷಗಾನದ ಚಿತ್ರ. ಮೇಳದ ಆಟದಂದು ವೇದಿಕೆಯ ಅಂಚಿಗೇ ಕೂತು, ಎರಡು ಮೀಟರ್ ದೂರದಿಂದ ತೆಗೆದದ್ದು. ಪುಂಡುವೇಷ ದಿಗಿಣ ಹಾರಿ ಇಳಿದು ತಲೆ ಎತ್ತಿದ ಗಳಿಗೆ. ಬಣ್ಣದ ಮೇಲಿನ ಬೆವರು, ಹುಬ್ಬಿನ ಕಪ್ಪು, ಕಣ್ಣಿನ ಕೆಂಪು, ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಕುಣಿಯುವವನ ಮೇಲೆ ಕೈಯಲ್ಲಿ ಬಳೆ ತಿರುಗಿಸಿ ಫೋಕಸ್ ಹಿಡಿಯುವುದು ಸಣ್ಣ ಸಾಹಸವಲ್ಲ. ಆ ದೂರದಲ್ಲಿ ಎಫ್ 2ರಲ್ಲಿ ಸ್ಪಷ್ಟವಾಗಿ ಕಾಣುವ ಜಾಗ ಒಂದು ಗೇಣಿಗಿಂತ ಕಮ್ಮಿ, ಹದಿನಾಲ್ಕು ಸೆಂಟಿಮೀಟರ್. ವೇಷ ಒಂದು ಹೆಜ್ಜೆ ಮುಂದಿಟ್ಟರೆ ಮುಗಿಯಿತು. ಎಲ್ಲಿ ಬಂದು ನಿಲ್ಲುತ್ತಾನೆ ಎಂದು ಮೊದಲೇ ಊಹಿಸಿ, ಅಲ್ಲಿಗೆ ಬಳೆ ತಿರುಗಿಸಿಟ್ಟು ಕಾದು ತೆಗೆದನಂತೆ. ಆಟ ನೋಡಿ ಬೆಳೆದವನಿಗೆ ಮಾತ್ರ ಸಾಧ್ಯವಾದ ಊಹೆ ಅದು. ತಾಳ ಗೊತ್ತಿಲ್ಲದವನಿಗೆ ವೇಷ ಎಲ್ಲಿ ಇಳಿಯುತ್ತದೆ ಎಂದು ಗೊತ್ತಾಗಲಿಕ್ಕಿಲ್ಲ.

ಆದರೆ ಹಿಂದೆ ನೋಡಿ. ಭಾಗವತರು ಒಂದು ಕೆಂಪು ಕಲೆ. ಚೆಂಡೆ ಒಂದು ಕಂದು ಗೀಟು. ಮದ್ದಳೆಯವರು ಇದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ. ಸೀರಿಯಲ್ ಲೈಟುಗಳು ಬೆಕ್ಕಿನ ಕಣ್ಣುಗಳಾಗಿ ಕಿರೀಟಕ್ಕೆ ಸುತ್ತು ಬರುತ್ತಿವೆ. ಈ ದಿಗಿಣ ಯಾರ ಪೆಟ್ಟಿಗೆ ಹಾರಿದ್ದು? ಚೆಂಡೆಯ ಪೆಟ್ಟಿಲ್ಲದೆ ದಿಗಿಣ ಉಂಟೇ? ಹಿಮ್ಮೇಳವನ್ನು ಕರಗಿಸಿ ಮುಮ್ಮೇಳವನ್ನು ಮಾತ್ರ ಇಟ್ಟರೆ ಅದು ವೇಷದ ಚಿತ್ರ ಆದೀತು, ಆಟದ ಚಿತ್ರ ಆಗಲಾರದು. ಇದನ್ನು ಅವನಿಗೆ ಹೇಳಿದೆ. "ರಾತ್ರಿ ಬೆಳಕು ಕಮ್ಮಿ ಮಾಷ್ಟ್ರೇ, ಎಫ್ 2 ಇಲ್ಲದೆ ಆಗುವುದಿಲ್ಲ" ಎಂದ. ಐವತ್ತು ವರ್ಷ ಹಿಂದೆ, ಫಿಲ್ಮಿನ ಕಾಲದಲ್ಲಿ, ಗ್ಯಾಸ್‌ಲೈಟಿನ ಎದುರು ಈ ಉತ್ತರ ಸರಿ. ಈಗಿನ ವೇದಿಕೆಯ ಬೆಳಕಿಗೆ, ಅವನ ಕೈಯಲ್ಲಿರುವ ಹೊಸ ಕ್ಯಾಮೆರಾಕ್ಕೆ ಈ ಉತ್ತರ ಪೂರ್ತಿ ಸರಿಯಲ್ಲ. ಎಫ್ 5.6ಕ್ಕೆ ಇಳಿಸಿದ್ದರೂ ಹಿಮ್ಮೇಳ ಪೂರ್ತಿ ಸ್ಪಷ್ಟ ಆಗುತ್ತಿರಲಿಲ್ಲ, ಆದರೆ ಚೆಂಡೆ ಯಾರದ್ದು ಎಂದು ಗುರುತು ಸಿಗುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನೇ ಒಪ್ಪಿದ, "ಸುಳಿ ಹೋಗ್ತದೆ ಅಂತ ಇಳಿಸಲಿಲ್ಲ."

ಇಲ್ಲಿಯೇ ನನ್ನ ತಕರಾರಿನ ತಿರುಳು ಇರುವುದು. ಆ ರಾತ್ರಿ ಅವನು ಆಟ ನೋಡಲು ಲೆನ್ಸ್ ಒಯ್ದದ್ದೋ, ಲೆನ್ಸ್ ತೋರಿಸಲು ಆಟಕ್ಕೆ ಹೋದದ್ದೋ?

ಪ್ರತಿ ಚಿತ್ರದ ಕೆಳಗೆ ಒಂದು ಸಣ್ಣ ಚೀಟಿ ಅಂಟಿಸಿದ್ದ. ಅದರಲ್ಲಿ ಬರೆದದ್ದು "ಹೀಲಿಯೋಸ್ 44-2, 58 ಮಿ.ಮೀ., ಎಫ್ 2". ಅಥವಾ "ಸೂಪರ್ ಟಕುಮಾರ್ 50 ಮಿ.ಮೀ., ಎಫ್ 4". ಬೇರೇನೂ ಇಲ್ಲ. ಹಳೆಯ ಲೆನ್ಸಿನ ಅಭಿಮಾನಿಗಳು ಎಲ್ಲ ಕಡೆಯೂ ತಮ್ಮೊಳಗೆ ಚಿತ್ರ ಹಂಚಿಕೊಳ್ಳುವಾಗ ಹೀಗೆಯೇ ಬರೆಯುತ್ತಾರಂತೆ. ಅದಕ್ಕೆ ನ್ಯಾಯವಾದ ಕಾರಣವೂ ಉಂಟು. ಈ ಲೆನ್ಸುಗಳಿಗೆ ಕ್ಯಾಮೆರಾದೊಡನೆ ಮಾತಾಡುವ ವಿದ್ಯುತ್ ಸಂಪರ್ಕ ಇಲ್ಲ. ಎಷ್ಟು ಎಫ್‌ನಲ್ಲಿ ತೆಗೆದದ್ದು ಎಂದು ಕ್ಯಾಮೆರಾ ಬರೆದಿಡುವುದಿಲ್ಲ, ತೆಗೆದವನೇ ನೆನಪಿಟ್ಟು ಹೇಳಬೇಕು. ಒಬ್ಬ ಹೇಳಿದರೆ ಇನ್ನೊಬ್ಬ ಕಲಿಯುತ್ತಾನೆ. ಈ ಕೊಡುಕೊಳ್ಳುವಿಕೆ ಒಳ್ಳೆಯದೇ. ಆದರೆ ಲೆನ್ಸಿನವರ ನಡುವೆ ಸಲ್ಲುವ ಚೀಟಿ ಊರಿನವರ ನಡುವೆ ಸಲ್ಲುತ್ತದೆಯೇ?

ಎರಡನೇ ದಿನ ಮಧ್ಯಾಹ್ನ ಬೀಡಿ ಕಟ್ಟುವ ಅಕ್ಕ ಬಂದರು. ಬ್ರಾಂಚಿಗೆ ಬೀಡಿ ಕೊಟ್ಟು ಹಿಂದೆ ಹೋಗುವಾಗ, ಚೀಲ ಕಂಕುಳಲ್ಲೇ ಇಟ್ಟುಕೊಂಡು ಒಳಗೆ ಬಂದದ್ದು. ಅವರ ಚಿತ್ರ ಮೂರನೇ ಸಾಲಿನಲ್ಲಿ ತೂಗುತ್ತಿತ್ತು. ಮುಕ್ಕಾಲು ಮೀಟರ್ ದೂರದಿಂದ, ಎಫ್ 2ರಲ್ಲಿ ತೆಗೆದದ್ದು. ಆ ದೂರದಲ್ಲಿ ಸ್ಪಷ್ಟವಾಗಿರುವ ಜಾಗ ಎರಡು ಸೆಂಟಿಮೀಟರ್, ಕಣ್ಣಿನಿಂದ ಮೂಗಿನ ತುದಿಗೆ ಸಾಲದು. ಬಲಗಣ್ಣು ಅದ್ಭುತವಾಗಿ ಬಂದಿದೆ. ರೆಪ್ಪೆಯ ಕೆಳಗಿನ ಒಂದೊಂದು ಗೆರೆಯಲ್ಲೂ ವರ್ಷಗಳು ಕೂತಿವೆ. ಪ್ರದರ್ಶನಕ್ಕೆ ಬಂದವರೆಲ್ಲ ಹೆಚ್ಚು ಮೆಚ್ಚಿದ್ದು ಇದನ್ನೇ. ಎಡಗಣ್ಣು ಆಗಲೇ ಮಸುಕು. ಎದೆಯ ಹತ್ತಿರ ಬೀಡಿ ಸುತ್ತುತ್ತಿರುವ ಕೈಗಳು ಎರಡು ಮಂದ ಮುದ್ದೆಗಳು. ಮಡಿಲಿನ ತಡ್ಪೆ ಒಂದು ಅರ್ಧವೃತ್ತ. ಹಿಂದಿನದೆಲ್ಲ ಹಸಿರು ಸುಳಿ.

ಅಕ್ಕ ಬಹಳ ಹೊತ್ತು ನೋಡಿದರು. ಮತ್ತೆ ಕೇಳಿದರು. ತುಳುವಿನಲ್ಲಿ ಕೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಮಗಾ, ನನ್ನ ಜಗಲಿ ಎಲ್ಲಿ ಹೋಯಿತು?" ಅವನು ಲೆನ್ಸಿನ ವಿಷಯ ವಿವರಿಸಿದ. ಅವರು ತಲೆಯಾಡಿಸಿ ಮತ್ತೆ ಕೇಳಿದರು. "ಕೈಯಾದರೂ ಕಾಣಬೇಕಿತ್ತಲ್ಲ. ಕಣ್ಣಿನಲ್ಲಿ ಬೀಡಿ ಕಟ್ಟುವುದುಂಟಾ?" ಆಮೇಲೆ ಚೀಟಿ ತೋರಿಸಿ ಏನು ಬರೆದದ್ದು ಎಂದು ನನ್ನನ್ನು ಕೇಳಿದರು. ಓದಿ ಹೇಳಿದೆ. "ಅದು ಯಾರು?" ಎಂದರು. ಕೋಣೆಯಲ್ಲಿದ್ದವರು ನಕ್ಕರು, ಅವರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಹಗ್ಗದಲ್ಲಿ ತೂಗುತ್ತಿದ್ದ ಇಪ್ಪತ್ತಾರು ಚಿತ್ರಗಳಲ್ಲಿ ಹನ್ನೊಂದರಲ್ಲಿ ಮನುಷ್ಯರಿದ್ದರು. ಒಬ್ಬರದ್ದೂ ಹೆಸರಿರಲಿಲ್ಲ. ಇಪ್ಪತ್ತಾರು ಕಡೆಯೂ ಲೆನ್ಸಿನ ಹೆಸರಿತ್ತು. ಅರುವತ್ತು ವರ್ಷ ಈ ಊರಿನಲ್ಲಿ ಬದುಕಿದವರಿಗಿಂತ ಆರು ಗಾಜಿನ ಕೊಳವೆಯ ಗುರುತು ದೊಡ್ಡದಾಯಿತೇ?

ಈ ಮಾತು ಬರೆಯುವಾಗ ನನ್ನ ಮೇಲೂ ಒಂದು ತಪ್ಪು ಉಂಟು. ಅದನ್ನು ಮುಚ್ಚಿಟ್ಟು ಹುಡುಗನಿಗೆ ಬುದ್ಧಿ ಹೇಳಿದರೆ ಸರಿಯಾಗುವುದಿಲ್ಲ.

ನನ್ನ ಹತ್ತಿರ 1983ರ ಒಂದು ಗುಂಪು ಚಿತ್ರ ಇದೆ. ಏಳನೇ ಕ್ಲಾಸಿನ ಮಕ್ಕಳು, ಶಾಲೆಯ ಎದುರು. ತೆಗೆದವರು ಪೇಟೆಯ ಸ್ಟುಡಿಯೋದ ಹಿರಿಯರು. ಎದೆಯ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡುವ ಯಾಶಿಕಾ ಕ್ಯಾಮೆರಾ. ಒಂದು ರೋಲಿಗೆ ಹನ್ನೆರಡೇ ಚಿತ್ರ, ಹಾಗಾಗಿ ಒಂದೂ ಹಾಳಾಗಬಾರದು. ಅವರೂ ಕೈಯಲ್ಲೇ ಫೋಕಸ್ ಮಾಡಿದ್ದು. ಆದರೆ ಅವರ ಉದ್ದೇಶ ಬೇರೆ. ಅಪರ್ಚರ್ ಕಿರಿದು ಮಾಡಿ, ಮುಂದಿನ ಸಾಲಿನಲ್ಲಿ ಚಕ್ಕಳಮಕ್ಕಳ ಕೂತ ಮಗುವಿನಿಂದ ಹಿಡಿದು ಹಿಂದಿನ ಗೋಡೆಯ ತನಕ ಎಲ್ಲವೂ ಕಾಣುವಂತೆ ತೆಗೆದರು. ಯಾವ ಮಗುವಿನ ಅಪ್ಪ ಅಮ್ಮನೂ "ನನ್ನ ಮಗನ ಮುಖ ಮಸುಕು" ಎಂದು ಬರಬಾರದಲ್ಲ! ಅವರ ಕಲೆ ಯಾರನ್ನೂ ಬಿಡದೆ ಇರುವುದರಲ್ಲಿತ್ತು. ಆ ಚಿತ್ರದಲ್ಲಿ ಶಾಲೆಯ ಹೆಸರಿನ ಬೋರ್ಡು ಕಾಣುತ್ತದೆ. ಕೈಯಲ್ಲಿ ಬರೆದ ದುಂಡು ಕನ್ನಡ ಅಕ್ಷರ. ಆ ಕಟ್ಟಡ ಈಗ ಇಲ್ಲ, ಆ ಬೋರ್ಡೂ ಇಲ್ಲ. ನಮ್ಮ ಊರಿನ ಗೋಡೆಯ ಮೇಲೆ ಕನ್ನಡ ಹೇಗೆ ಇತ್ತು ಎಂದು ಯಾರಾದರೂ ಕೇಳಿದರೆ ತೋರಿಸಲು ಉಳಿದದ್ದು ಆ ಒಂದು ಚಿತ್ರದ ಹಿನ್ನೆಲೆ ಮಾತ್ರ. 1956ರ ನವೆಂಬರ್ ಒಂದರಿಂದ ಕೇರಳದಲ್ಲಿರುವ ನಮ್ಮಂಥ ಗಡಿಯ ಕನ್ನಡದವರಿಗೆ ಹಿನ್ನೆಲೆ ಅಂದರೆ ಸುಮ್ಮನೆ ಅಲ್ಲ. ಹಲವು ಸಲ ಹಿನ್ನೆಲೆಯೇ ಸಾಕ್ಷಿ.

ಇನ್ನು ನನ್ನ ತಪ್ಪು. ಆ ಚಿತ್ರದ ಹಿಂಬದಿಯಲ್ಲಿ ನನ್ನದೇ ಅಕ್ಷರದಲ್ಲಿ ಬರೆದದ್ದು "ಏಳನೇ ತರಗತಿ, 1983" ಎಂದು ಮಾತ್ರ. ಮೂವತ್ತೆಂಟು ಮುಖ. ಎಲ್ಲ ನೆನಪಿರುತ್ತದೆ ಎಂಬ ಧೈರ್ಯ ಆಗ. ಕೆಲವು ವರ್ಷದ ಹಿಂದೆ ಒಬ್ಬಾಕೆ ಬಂದು, ಮುಂಬಯಿಯ ಹೋಟೆಲ್ ಕೆಲಸಕ್ಕೆ ಹೋಗಿ ಅಲ್ಲೇ ತೀರಿಕೊಂಡ ತನ್ನ ಗಂಡನ ಬಾಲ್ಯದ ಚಿತ್ರ ಇದರಲ್ಲಿ ಉಂಟೋ ಎಂದು ಕೇಳಿದರು. ಆಕೆ ಅವನನ್ನು ಕಂಡದ್ದು ದೊಡ್ಡವನಾದ ಮೇಲೆ. ನಾನು ಪಾಠ ಹೇಳಿದ ಹುಡುಗ. ಹೆಸರು ಚೆನ್ನಾಗಿ ನೆನಪುಂಟು, ಮುಖ ಯಾವುದೆಂದು ಗೊತ್ತಾಗಲಿಲ್ಲ. ಎರಡನೇ ಸಾಲಿನಲ್ಲಿರುವ ಮೂವರಲ್ಲಿ ಒಬ್ಬ ಎಂದು ಹೇಳಿ ಕಳಿಸಿದೆ. ಮೂವರಲ್ಲಿ ಒಬ್ಬ ಎಂಬ ಉತ್ತರ ಹಿಡಿದುಕೊಂಡು ಆಕೆ ಮೆಟ್ಟಿಲು ಇಳಿದು ಹೋದದ್ದು ಈಗಲೂ ಕಣ್ಣ ಮುಂದೆ ಇದೆ. ಮೂವತ್ತೆಂಟು ಮುಖಗಳೂ ಅಷ್ಟು ಸ್ಪಷ್ಟ! ಫೋಕಸಿನಲ್ಲಿ ಏನೂ ತಪ್ಪಿರಲಿಲ್ಲ. ಒಂದು ಪೆನ್ನು ತೆಗೆದು ಬರೆಯುವಷ್ಟು ಜಾಗ್ರತೆ ನನಗಿರಲಿಲ್ಲ, ಅಷ್ಟೇ.

ಆದ್ದರಿಂದ ಹಳೆಯದೆಲ್ಲ ಒಳ್ಳೆಯದು, ಈಗಿನವರಿಗೆ ಏನೂ ಗೊತ್ತಿಲ್ಲ ಎಂಬ ರಾಗವನ್ನು ನಾನು ಹಾಡುವುದಿಲ್ಲ. ಹುಡುಗ ಹೇಳಿದ ಒಂದು ಮಾತನ್ನೂ ಇಲ್ಲಿ ಸೇರಿಸಬೇಕು. "ಮದುವೆಯಲ್ಲಿ ಒಂದು ದಿನಕ್ಕೆ ಎರಡು ಸಾವಿರ ಫೋಟೋ ತೆಗೆಯುತ್ತೇನೆ ಮಾಷ್ಟ್ರೇ. ಕ್ಯಾಮೆರಾವೇ ಮುಖ ಹುಡುಕಿ ಫೋಕಸ್ ಮಾಡ್ತದೆ. ಮನೆಗೆ ಬಂದ ಮೇಲೆ ಮದುಮಗಳ ಅಮ್ಮ ಹೇಗಿದ್ದರು ಅಂತ ಕೇಳಿದರೆ ನನಗೆ ಗೊತ್ತಿರುವುದಿಲ್ಲ. ಈ ಲೆನ್ಸ್ ಹಾಕಿದ ದಿನ ಇಪ್ಪತ್ತು ಫೋಟೋ ತೆಗೆದರೆ ಇಪ್ಪತ್ತೂ ನೆನಪಿರ್ತದೆ." ಇದು ಪ್ರದರ್ಶನದ ಎಲ್ಲ ಚೀಟಿಗಳಿಗಿಂತ ದೊಡ್ಡ ಮಾತು. ಮೊಬೈಲು ಕೂಡ ಈಗ ಲೆಕ್ಕ ಹಾಕಿ ಹಿನ್ನೆಲೆ ಮಸುಕು ಮಾಡಿಕೊಡುತ್ತದೆ. ಮಸುಕಿಗಾಗಿ ರಷ್ಯಾದ ಲೆನ್ಸ್ ಬೇಡ. ಹಳೆಯ ಲೆನ್ಸ್ ಕೊಡುವ ನಿಜವಾದ ಲಾಭ ಅವನ ಈ ಮಾತಿನಲ್ಲಿದೆ. ಬಳೆ ತಿರುಗಿಸುವ ಆ ಎರಡು ಸೆಕೆಂಡಿನಲ್ಲಿ, ಎಲ್ಲಿ ನಿಲ್ಲಿಸಲಿ, ಯಾವುದು ಮುಖ್ಯ ಎಂಬ ಪ್ರಶ್ನೆ ತೆಗೆಯುವವನ ಕೈಗೆ ಬರುತ್ತದೆ. ಸುಳಿ ಲೆನ್ಸಿನದು. ಈ ಪ್ರಶ್ನೆಗೆ ಕೊಟ್ಟ ಉತ್ತರ ಮಾತ್ರ ಅವನದು. ಚಿತ್ರದ ವಿಮರ್ಶೆ ಮಾಡುವುದಾದರೆ ಆ ಉತ್ತರದ ಮೇಲೆ ಮಾಡಬೇಕು.

ಆ ಅಳತೆಯಲ್ಲಿ ಪ್ರದರ್ಶನದ ಎರಡು ಚಿತ್ರಗಳು ಉಳಿದವುಗಳಿಗಿಂತ ಎತ್ತರದಲ್ಲಿವೆ. ಎರಡೂ ಯಾರ ಕಣ್ಣಿಗೂ ಬೇಗ ಬೀಳದ ಮೂಲೆಯಲ್ಲಿದ್ದವು.

ಒಂದು, ಅಡಿಕೆ ಮರದ ತುದಿಯಲ್ಲಿ ಮದ್ದು ಬಿಡುವವನ ಚಿತ್ರ. ಇದರಲ್ಲಿ ಫೋಕಸ್ ತಪ್ಪಿದೆ. ಮುಖಕ್ಕೆ ಹಿಡಿಯಲು ಹೋದದ್ದು ಒಂದಿಷ್ಟು ಮುಂದೆ ಬಂದು ಮರಕ್ಕೆ ಬಿದ್ದಿದೆ. ಹಾಗಾಗಿ ಸ್ಪಷ್ಟವಾಗಿ ಕಾಣುವುದು ಮರವನ್ನು ಅಪ್ಪಿ ಹಿಡಿದ ಅವನ ಪಾದಗಳು, ಕಾಲಿಗೆ ಹಾಕಿದ ತಳೆಯ ಹಗ್ಗ, ಹಿಮ್ಮಡಿಯ ಬಿರುಕಿನಲ್ಲಿ ನೀಲಿಯಾಗಿ ಒಣಗಿದ ಬೋರ್ಡೋ ಮದ್ದು. ಮುಖ ಸ್ವಲ್ಪ ಮಸುಕು. ಇದನ್ನು ಸೇರಿಸಬೇಕೋ ಬೇಡವೋ ಎಂದು ಅವನಿಗೆ ಅನುಮಾನವಿತ್ತಂತೆ. ಸೇರಿಸಿದ್ದು ಒಳ್ಳೆಯದಾಯಿತು. ಅಷ್ಟು ಎತ್ತರದಲ್ಲಿ ಜೀವ ಇರುವುದು ಪಾದದಲ್ಲಿ ಎಂದು ಕೈತಪ್ಪಿದ ಬಳೆ ತೋರಿಸಿಕೊಟ್ಟಿದೆ. ಆದರೆ ಇಂಥ ಅದೃಷ್ಟ ಮತ್ತೆ ಮತ್ತೆ ಬಾರದು. ಮುಂದಿನ ಸಲ ತಿಳಿದೇ ಪಾದಕ್ಕೆ ತಿರುಗಿಸುವ ಕಣ್ಣು ಬರಬೇಕು.

ಇನ್ನೊಂದು, ನಮ್ಮ ವಾಚನಾಲಯದ್ದೇ ಚಿತ್ರ. ಬೆಳಗ್ಗಿನ ಹೊತ್ತು ಪತ್ರಿಕೆ ಓದುವ ಹಿರಿಯರೊಬ್ಬರು. ಟಕುಮಾರ್ ಲೆನ್ಸ್, ಎಫ್ 8. ಫೋಕಸ್ ಅವರ ಮುಖಕ್ಕಲ್ಲ, ಸಾಲಿನ ಕೆಳಗೆ ಜಾರುತ್ತಿರುವ ತೋರುಬೆರಳಿಗೆ. ಬೆರಳಿನ ಹತ್ತಿರದ ಅಕ್ಷರಗಳನ್ನು ಓದಬಹುದು. ಹಿಂದೆ ಕಪಾಟಿನ ಪುಸ್ತಕಗಳ ಬೆನ್ನು ಸ್ವಲ್ಪ ಮೆದುವಾಗಿದ್ದರೂ ಗುರುತು ಸಿಗುತ್ತದೆ. ಬೈಂಡ್ ಹರಿದ ಸಂಪುಟ ಯಾವುದೆಂದು ನಮ್ಮ ಗ್ರಂಥಪಾಲಕರು ಕೂಡಲೇ ಹೇಳಿದರು. ಗೋಡೆಯ ಗಡಿಯಾರದಲ್ಲಿ ಏಳೂಮುಕ್ಕಾಲು. ಬೆಂಚಿನ ತುದಿಯಲ್ಲಿ ಇನ್ನೊಬ್ಬರು ಪತ್ರಿಕೆಯ ಆ ಹಾಳೆಗಾಗಿ ಕಾಯುತ್ತಿದ್ದಾರೆ. ಸುಳಿ ಇಲ್ಲ, ಬೆಕ್ಕಿನ ಕಣ್ಣಿಲ್ಲ. ಇದು ಯಾವ ದೇಶದ ಲೆನ್ಸ್ ಎಂದು ಚಿತ್ರ ನೋಡಿ ಯಾರೂ ಹೇಳಲಾರರು. ಅದೇ ಇದರ ಹೆಚ್ಚುಗಾರಿಕೆ. ಬೆರಳು ಮುಂದೆ ಹೋಗುವ ವೇಗಕ್ಕೆ ತಕ್ಕ ಹಾಗೆ ಬಳೆಯನ್ನೂ ನಿಧಾನವಾಗಿ ತಿರುಗಿಸುತ್ತಾ ಕೂತವನ ತಾಳ್ಮೆ ಮಾತ್ರ ಕಾಣುತ್ತದೆ. ಓದುವವನಿಗೂ ತೆಗೆಯುವವನಿಗೂ ಒಂದೇ ಲಯ. ಇದರಲ್ಲಿ ಹಿಮ್ಮೇಳ ಉಂಟು.

ನೆಹರೂ ಪಾರಿವಾಳ ಹಾರಿಬಿಡುವ ಪ್ರಸಿದ್ಧ ಚಿತ್ರವನ್ನು ಹಲವರು ನೋಡಿರಬಹುದು. ತೆಗೆದವರು ಹೋಮಾಯಿ ವ್ಯಾರಾವಾಲಾ, ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. ಅವರ ಕ್ಯಾಮೆರಾಗಳೂ ಕೈಯಲ್ಲೇ ಫೋಕಸ್ ಮಾಡುವಂಥವು. ಅದನ್ನು ನೋಡಿದವರು ಯಾವ ಲೆನ್ಸ್ ಎಂದು ಕೇಳುವುದಿಲ್ಲ. ಯಾರು, ಯಾವಾಗ, ಎಲ್ಲಿ ಎಂದು ಕೇಳುತ್ತಾರೆ. ಚಿತ್ರ ಗೆದ್ದಿತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಗುರುತು ನನಗೆ ಗೊತ್ತಿಲ್ಲ.

ಹಾಗಾದರೆ ಚೀಟಿಯಲ್ಲಿ ಲೆನ್ಸಿನ ಹೆಸರು ಬೇಡವೇ? ಇರಲಿ. ಕಲಿಯುವ ಮಕ್ಕಳಿಗೆ ಬೇಕು. ಪ್ರದರ್ಶನ ನೋಡಿದ ಮೇಲೆ ಇಬ್ಬರು ಹೈಸ್ಕೂಲು ಮಕ್ಕಳು ಮನೆಯ ಅಟ್ಟದಿಂದ ಅಜ್ಜನ ಕ್ಯಾಮೆರಾ ಹುಡುಕಿ ತಂದದ್ದನ್ನು ನಾನೇ ಕಂಡಿದ್ದೇನೆ. ಆದರೆ ಅದು ಕೊನೆಯ ಸಾಲಿನಲ್ಲಿರಲಿ. ಮೊದಲ ಸಾಲು ಮನುಷ್ಯನ ಹೆಸರು, ಅವರನ್ನು ಕೇಳಿ ಒಪ್ಪಿದರೆ. ಎರಡನೆಯದು ಜಾಗ. ಮೂರನೆಯದು ತಾರೀಕು. ನಾಲ್ಕನೆಯದು ಲೆನ್ಸ್. ಮತ್ತೊಂದು, ಪ್ರದರ್ಶನಕ್ಕಿಂತ ಮೊದಲು ಒಂದು ಪ್ರತಿ ಆ ಮನೆಗೆ ಹೋಗಬೇಕು. ಚಿತ್ರ ಹಂಚಿಕೊಳ್ಳುವುದು ಎಂದರೆ ಮೊದಲು ಯಾರ ಮುಖವೋ ಅವರೊಡನೆ ಹಂಚಿಕೊಳ್ಳುವುದು. ಲೆನ್ಸಿನ ಗೆಳೆಯರೊಡನೆ ಹಂಚಿಕೊಳ್ಳುವುದು ಆಮೇಲೆ.

ಇದನ್ನು ಬರೆದ ಮೇಲೆ ಅಕ್ಕನ ಮನೆಗೆ ಹೋಗಿ ಓದಿ ಹೇಳಿದೆ. ಹೆಸರು ಹಾಕಲೋ ಎಂದು ಕೇಳಿದೆ. "ಪುಸ್ತಕದಲ್ಲಿ ಬೇಡಪ್ಪ. ಫೋಟೋದ ಕೆಳಗೆ ಹಾಕಲಿ, ಮುಖ ನನ್ನದಲ್ಲವಾ" ಎಂದರು. ಎರಡಕ್ಕೂ ಅವರಲ್ಲಿ ಕಾರಣವಿತ್ತು. ಕೇಳಿದ್ದರಿಂದ ಗೊತ್ತಾಯಿತು. ಹುಡುಗ ಕೊಟ್ಟ ಪ್ರತಿಯನ್ನು ಅವರು ಗೋಡೆಗೆ ಹಾಕಿಲ್ಲ, ಟ್ರಂಕಿನಲ್ಲಿ ಇಟ್ಟಿದ್ದಾರೆ. ಇನ್ನೊಂದು ತೆಗೆಯಬೇಕಂತೆ. ಜಗಲಿ, ತಡ್ಪೆ, ಎರಡು ಕೈ, ಬದಿಯಲ್ಲಿ ಮಲಗುವ ನಾಯಿ, ಎಲ್ಲ ಬರಬೇಕು. ಹುಡುಗ ಒಪ್ಪಿದ್ದಾನೆ. "ಎಫ್ 8ರಲ್ಲಿ ತೆಗೆಯುತ್ತೇನೆ, ಆದರೆ ಹೀಲಿಯೋಸಿನಲ್ಲೇ" ಎಂದು ಹಟ. ತೆಗೆಯಲಿ, ಲೆನ್ಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಈಗ ಆಟಿಯ ಮಳೆ, ಜಗಲಿಯಲ್ಲಿ ಬೆಳಕಿಲ್ಲ. ಮಳೆ ಬಿಡಲಿ. ಚಿತ್ರ ಬಂದರೆ ಅದೇ ಹಗ್ಗಕ್ಕೆ ತೂಗಹಾಕುವ.